ಪಾಲಿಮರ್ ಓದಲಾ, ಡೆವಲಪ್‌ಮೆಂಟ್ ಓದಲಾ? ಯಾದಗಿರಿ ಕಡೆಯ ಬಿ.ಎಸ್ಸಿ. ಹುಡುಗಿಯ ಪ್ರಶ್ನೆ

ಶಹಾಪುರದವಳು:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಶಹಾಪುರ ತಾಲೂಕಿನ ಒಂದು ಹಳ್ಳಿ. ಮುಂದೆ ಏನು ಓದಬೇಕು ಅನ್ನೋದೇ ತಲೆನೋವಾಗಿದೆ.

ಒಂದು ಮನಸ್ಸು ಪಾಲಿಮರ್ ಸೈನ್ಸ್, ಅಂದರೆ ಪ್ಲಾಸ್ಟಿಕ್, ರಬ್ಬರ್ ಥರದ ವಸ್ತುಗಳ ವಿಜ್ಞಾನದ ಎಂ.ಎಸ್ಸಿ. ಅನ್ನುತ್ತದೆ. ಕೆಮಿಸ್ಟ್ರಿಯಲ್ಲಿ ನನಗೆ ನಿಜವಾಗಿ ಹಿಡಿಸಿದ ಪಾಠ ಅದೇ. ಇನ್ನೊಂದು ಮನಸ್ಸು ಡೆವಲಪ್‌ಮೆಂಟ್ ಎಂ.ಎ., ಅಂದರೆ ಅಭಿವೃದ್ಧಿ ಅಧ್ಯಯನದ ಕಡೆ ಎಳೆಯುತ್ತದೆ. ಸಾಧ್ಯವಾದರೆ ಹೊರದೇಶದಲ್ಲಿ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್.

ಎರಡೂ ಯಾಕೆ ಅಂದರೆ, ನಮ್ಮೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕಾಯಿನ್ ಹಾಕಿ ಕೊಡ ತುಂಬಿಸಿಕೊಳ್ಳುವಂಥದ್ದು. ಕೆಟ್ಟರೆ ತಿಂಗಳುಗಟ್ಟಲೆ ಶಟರ್ ಎಳೆದಿರುತ್ತದೆ. ನೀರು ಸೋಸುವ ಪದರ, ಅಂದರೆ ಮೆಂಬ್ರೇನ್ ಹೋಗಿದೆ ಅಂತ ಒಬ್ಬರು ಹೇಳುತ್ತಾರೆ. ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಇನ್ನೊಬ್ಬರು. ಮೆಂಬ್ರೇನ್ ಅಂದರೆ ಪಾಲಿಮರ್ ಅಲ್ವಾ? ಬಿಲ್ ಅಂದರೆ ಪಂಚಾಯ್ತಿ. ಯಾವ ಕಡೆಯಿಂದ ಹೋದರೆ ಇದು ಸರಿಹೋಗುತ್ತದೆ ಅಂತ ಗೊತ್ತಾಗುತ್ತಿಲ್ಲ. ಅಪ್ಪ ಮಾತ್ರ ಬಿ.ಎಡ್. ಮಾಡು, ಮೇಷ್ಟ್ರು ಕೆಲಸ ಹಿಡಿ ಅಂತಾರೆ. ಸಾಲ ಮಾಡಿ ಓದಿಸುವ ಶಕ್ತಿ ಮನೆಯಲ್ಲಿಲ್ಲ. ತಿಳಿದವರು ಹೇಳಿ.

ತೊಗರಿ ಕಣಜ:
ಪಾಲಿಮರ್ ಓದಿ ಎಲ್ಲಿ ಕೆಲಸ ಮಾಡ್ತೀ ತಂಗಿ? ಕಪನೂರಿನಲ್ಲಿ ದಾಲ್ ಮಿಲ್ ಇವೆ. ವಾಡಿ, ಸೇಡಂ ಕಡೆ ಸಿಮೆಂಟ್. ನಮ್ಮಲ್ಲಿ ಪ್ಲಾಸ್ಟಿಕ್ ಅಂದರೆ ಕ್ಯಾರಿ ಬ್ಯಾಗ್. ಅದನ್ನೂ ಸರ್ಕಾರ 2016ರಲ್ಲೇ ಬಂದ್ ಮಾಡಿದೆ, ಬಂದ್ ಆಗಿದ್ದು ಎಲ್ಲಿ ಅಂತ ಮಾತ್ರ ಕೇಳಬೇಡ.

ಇನ್ನು ಡೆವಲಪ್‌ಮೆಂಟ್. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ರಾಜ್ಯದ 114 ತಾಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ. ಆ 39ರಲ್ಲಿ ಹೆಚ್ಚಿನವು ಯಾವ ಕಡೆಯವು ಅಂತ ಬೇರೆ ಹೇಳಬೇಕಾ? ಹಿಂದುಳಿದಿರುವುದು ಹೇಗೆ ಅಂತ ಓದೋಕೆ ಇಂಗ್ಲೆಂಡಿಗೆ ಹೋಗಬೇಕಾ? ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ದಿನ ನಿಂತರೆ ಸಾಕು, ಫೀಸೂ ಇಲ್ಲ.

ಚೆರ್ಲಪಲ್ಲಿ ಬೀದರಿ:
ಕಣಜದಣ್ಣಾ, ಕ್ಯಾರಿ ಬ್ಯಾಗ್ ಆಚೆಗೂ ಪ್ಲಾಸ್ಟಿಕ್ ಇದೆ. ನಿಮ್ಮ ತೊಗರಿ ತುಂಬುವ ಹೆಣೆದ ಚೀಲ ಪಾಲಿಪ್ರೊಪಿಲೀನ್. ಹೊಲದ ಡ್ರಿಪ್ ಪೈಪ್ ಪಾಲಿಎಥಿಲೀನ್. ಮನೆಗೆ ನಲ್ಲಿ ಹಾಕಲು ಬೀದಿ ಅಗೆದು ಇಳಿಸುತ್ತಿರುವ ಕಪ್ಪು ಪೈಪ್ ಎಚ್‌ಡಿಪಿಇ. ಬೋರ್‌ವೆಲ್‌ಗೆ ಇಳಿಸುವ ಕೇಸಿಂಗ್ ಪಿವಿಸಿ. ಉಟ್ಟ ಬಟ್ಟೆಯಲ್ಲಿ ಅರ್ಧ ಪಾಲಿಯೆಸ್ಟರ್. ಕೇಂದ್ರ ಸರ್ಕಾರ 2023ರಲ್ಲಿ ಏಳು ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತಲ್ಲ, ಅದರಲ್ಲಿ ಕಲಬುರಗಿಯೂ ಒಂದು. ಅದು ಪೂರ್ತಿ ನಿಲ್ಲುವಾಗ ನಿಲ್ಲಲಿ, ನಾನು ಅದನ್ನು ನಂಬಿ ಓದು ಅನ್ನೋದಿಲ್ಲ.

ತಂಗಿ, ನಾನು ಬೀದರ್‌ನವನು, ಹೈದರಾಬಾದಿನ ಚೆರ್ಲಪಲ್ಲಿಯಲ್ಲಿ ಪೈಪ್ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ. ಪಾಲಿಮರ್‌ನಲ್ಲಿ ಎರಡು ಥರದ ಓದು ಇದೆ, ಅರ್ಜಿ ಹಾಕುವ ಮುಂಚೆ ಅದು ಗೊತ್ತಿರಬೇಕು.

ಒಂದು ಮಷಿನ್ ಕಡೆಯ ಓದು. ಸಿಪೆಟ್ ಅನ್ನೋ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತರಬೇತಿ ಸಂಸ್ಥೆಯ ಹೆಸರು ಕೇಳಿರಬಹುದು. ಮೈಸೂರಿನಲ್ಲಿದೆ, ಇಲ್ಲೇ ಚೆರ್ಲಪಲ್ಲಿಯಲ್ಲೂ ಇದೆ. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ನಮ್ಮವರಿಗೆ ಮೈಸೂರಿಗಿಂತ ಇದೇ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷದ ಡಿಪ್ಲೊಮಾ, ಬಿ.ಎಸ್ಸಿ. ಆದವರಿಗೆ ಪ್ಲಾಸ್ಟಿಕ್ ಪ್ರೊಸೆಸಿಂಗ್ ಮತ್ತು ಟೆಸ್ಟಿಂಗ್‌ನಲ್ಲಿ ಎರಡು ವರ್ಷದ ಪಿ.ಜಿ. ಡಿಪ್ಲೊಮಾ. ಅಲ್ಲಿ ಇಂಜೆಕ್ಷನ್ ಮೋಲ್ಡಿಂಗ್, ಎಕ್ಸ್‌ಟ್ರೂಷನ್, ಬ್ಲೋ ಮೋಲ್ಡಿಂಗ್, ಅಂದರೆ ಪ್ಲಾಸ್ಟಿಕ್ ಕರಗಿಸಿ ಆಕಾರ ಕೊಡುವ ಕೆಲಸಗಳನ್ನು ಕೈಯಾರೆ ಮಾಡಿಸುತ್ತಾರೆ. ಕೆಲಸ ಬೇಗ ಸಿಗುತ್ತದೆ. ಶುರುವಿನ ಸಂಬಳ ಕಡಿಮೆ, ಶಿಫ್ಟ್ ಇರುತ್ತದೆ, ಹುಡುಗಿಯರನ್ನು ರಾತ್ರಿ ಪಾಳಿಗೆ ಹಾಕದ ಕಂಪನಿಗಳು ಟೆಸ್ಟಿಂಗ್ ಲ್ಯಾಬಿಗೆ ತೆಗೆದುಕೊಳ್ಳುತ್ತವೆ.

ಇನ್ನೊಂದು ಕೆಮಿಸ್ಟ್ರಿ ಕಡೆಯ ಓದು. ಮಾಲಿಕ್ಯೂಲ್ ಹೇಗೆ ಕಟ್ಟುತ್ತಾರೆ, ಯಾಕೆ ಹಾಗೆ ವರ್ತಿಸುತ್ತದೆ ಅನ್ನೋದು. ಅದು ಪಿಎಚ್.ಡಿ. ದಾರಿ. ನಿಮ್ಮ ನೀರಿನ ಮೆಂಬ್ರೇನ್ ಈ ಕಡೆಗೆ ಬರುತ್ತದೆ.

ಇನ್ನೊಂದು ವಿಷಯ, ಇದು ನಿಮ್ಮ ಪ್ರಶ್ನೆಗೆ ಸರಿಯಾಗಿ ಬೀಳುತ್ತದೆ. ಸಿಪೆಟ್ 1968ರಲ್ಲಿ ಚೆನ್ನೈನಲ್ಲಿ ಶುರುವಾಗಿದ್ದೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ ಸಹಾಯದಿಂದ. ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ದುಡ್ಡಿನಿಂದ ಹುಟ್ಟಿದ ಪ್ಲಾಸ್ಟಿಕ್ ಶಾಲೆ ಅದು!

ತೊಗರಿ ಕಣಜ:
ಯುಎನ್‌ಡಿಪಿ ವಿಷಯ ಗೊತ್ತಿರಲಿಲ್ಲ. ಸರಿ, ಚೀಲದ ಮಾತಿಗೆ ಸೋತೆ. ಬಸ್‌ಸ್ಟ್ಯಾಂಡ್ ಮಾತು ಬಿಡೋದಿಲ್ಲ.

ನಿವೃತ್ತ ಮೇಷ್ಟ್ರು:
ಮಗಳೇ, ನಾನು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನು. ಬೀದರಿನ ತಮ್ಮ ಹೇಳಿದ್ದು ಸರಿ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಪಾಲಿಮರ್ ಅಂತ ಹೆಸರಿರುವ ಎಂ.ಎಸ್ಸಿ. ನಮ್ಮ ರಾಜ್ಯದಲ್ಲಿ ಕಡಿಮೆ. ಮಂಡ್ಯ ಹತ್ತಿರ ತೂಬಿನಕೆರೆಯ ಸರ್ ಎಂ.ವಿ. ಪಿ.ಜಿ. ಕೇಂದ್ರದಲ್ಲಿ ಅದು ನಡೆದುಕೊಂಡು ಬಂದಿದೆ. ಈ ವರ್ಷದ ಪ್ರವೇಶದ ಪ್ರಕಟಣೆ ನೋಡಿಕೊಂಡೇ ಹೆಜ್ಜೆ ಇಡು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಾಲಿಮರ್ ಕೇಂದ್ರದಿಂದ ಮೆಂಬ್ರೇನ್‌ಗಳ ಮೇಲೆ ಎಷ್ಟೋ ಸಂಶೋಧನಾ ಲೇಖನಗಳು ಬಂದಿವೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ಮತ್ತು ರಬ್ಬರ್‌ಗೆ ಬೇರೆ ವಿಭಾಗವೇ ಇದೆ, 1971ರದ್ದು. ರಬ್ಬರ್ ಬೆಳೆಯುವ ನಾಡು ನೋಡು, ಅದಕ್ಕೇ.

ಆದರೆ ಹೆಸರಿಗೆ ಅಂಟಿಕೊಳ್ಳಬೇಡ. ಸಾದಾ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಪ್ರಾಜೆಕ್ಟ್ ಮಾತ್ರ ಪಾಲಿಮರ್‌ನಲ್ಲಿ ಮಾಡಿದರೂ ಮುಂದಿನ ಬಾಗಿಲು ತೆರೆದಿರುತ್ತದೆ. ಗೇಟ್ ಪರೀಕ್ಷೆಯ ಇಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ಪಾಲಿಮರ್‌ಗೆ ಒಂದು ಭಾಗ ಇದೆ, ಎಂ.ಎಸ್ಸಿ. ಆದವರೂ ಬರೆಯಬಹುದು. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೇ ಕೆಮಿಸ್ಟ್ರಿ ಇದೆ, ಮಟೀರಿಯಲ್ಸ್ ಸೈನ್ಸ್ ಇದೆ. ಕರೆಂಟ್ ಹರಿಸುವ ಪಾಲಿಅನಿಲೀನ್ ಥರದ ಪಾಲಿಮರ್‌ಗಳ ಮೇಲೆ ಅದರ ಜ್ಞಾನಗಂಗೆ ಕ್ಯಾಂಪಸ್‌ನಲ್ಲಿ ಒಳ್ಳೆಯ ಕೆಲಸ ಆಗಿದೆ. ಪ್ಲಾಸ್ಟಿಕ್ ಕರೆಂಟ್ ಹರಿಸುತ್ತದೆ ಅಂತ ತೋರಿಸಿದ್ದಕ್ಕೆ 2000ದಲ್ಲಿ ಮೂವರಿಗೆ ನೊಬೆಲ್ ಬಂತಲ್ಲ, ಅದೇ ಜಾತಿಯ ವಸ್ತು. ಕಡಗಂಚಿಯ ಕೇಂದ್ರೀಯ ವಿ.ವಿ. 2009ರಲ್ಲಿ ಶುರುವಾಗಿದ್ದು, ಅಲ್ಲಿ ಸೀಟು ಸಿಯುಇಟಿ-ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆದೇ ಸಿಗಬೇಕು.

371ಜೆ, ಅಂದರೆ ಸಂವಿಧಾನದ ಆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ ಮರೆಯಬೇಡ. ನಮ್ಮ ಭಾಗದ ವಿ.ವಿ.ಗಳಲ್ಲಿ ಶೇಕಡಾ 70 ಸೀಟು ನಮ್ಮವರಿಗೆ. ರಾಜ್ಯದ ಬೇರೆ ಕಡೆ ಶೇಕಡಾ 8. ಕಲಬುರಗಿ ಬಿಟ್ಟು ಹೊರಗೆ ಹೋಗುವ ಮಕ್ಕಳು ಈ ಎಂಟನ್ನು ಕೇಳುವುದೇ ಇಲ್ಲ, ಸುಮ್ನೆ ಜನರಲ್‌ನಲ್ಲಿ ಹಾಕಿ ವಾಪಸ್ ಬರುತ್ತಾರೆ.

ಒಬ್ಬ ಅಪ್ಪ:
ಮೇಷ್ಟ್ರೇ, ನಾನು ಓದಿದವನಲ್ಲ. ಈ ಪಾಲಿಮರ್ ಅಂದರೆ ಏನು ಅಂತ ನನ್ನಂಥವನಿಗೆ ಒಂದು ಮಾತಿನಲ್ಲಿ ಹೇಳಿ. ನನ್ನ ಮಗನೂ ಇದನ್ನೇ ಹಿಡಿದು ಕೂತಿದ್ದಾನೆ.

ನಿವೃತ್ತ ಮೇಷ್ಟ್ರು:
ಒಂದು ಮಾತಿನಲ್ಲಿ ಆಗಲ್ಲ ರೀ, ನಾಲ್ಕು ಮಾತು ಕೊಡಿ. ಚಿಕ್ಕ ಚಿಕ್ಕ ಅಣುಗಳು ಒಂದಕ್ಕೊಂದು ಕೈ ಹಿಡಿದು ಸಾವಿರಾರು ಕೊಂಡಿಗಳ ಉದ್ದ ಸರಪಳಿ ಆಗುತ್ತವೆ. ಆ ಸರಪಳಿಗಳು ಬೇಯಿಸಿದ ಶಾವಿಗೆ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಎಳೆದರೆ ಬೇಗ ಬಿಡುವುದಿಲ್ಲ, ಅದಕ್ಕೇ ಚೀಲ ಗಟ್ಟಿ. ಬಿಸಿಲು ಬಿದ್ದರೆ ಸರಪಳಿ ತುಂಡಾಗುತ್ತಾ ಹೋಗುತ್ತದೆ. ತುಂಡು ಗಿಡ್ಡ ಆದಷ್ಟೂ ಹಿಡಿತ ಕಡಿಮೆ. ಬಿಸಿಲಲ್ಲಿ ಬಿಟ್ಟ ಬಕೆಟ್ ಎರಡು ವರ್ಷಕ್ಕೆ ಪುಡಿಯಾಗುತ್ತದಲ್ಲ, ಅದು ಇದೇ. ಡ್ರಿಪ್ ಪೈಪ್ ಕಪ್ಪಗೆ ಇರೋದು ಅಂದಕ್ಕೆ ಅಲ್ಲ. ಶೇಕಡಾ 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಅನ್ನೋ ಕಪ್ಪು ಮಸಿಪುಡಿ ಸೇರಿಸಿರುತ್ತಾರೆ, ಅದು ಬಿಸಿಲಿನ ಅಲ್ಟ್ರಾವಯಲೆಟ್ ಕುಡಿದುಕೊಳ್ಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಾನು ಹೇಳಬೇಕಾಗಿಲ್ಲ.

ಹೀಗೆ ಉದ್ದ ಸರಪಳಿ ಇರುತ್ತದೆ ಅಂತ 1920ರಲ್ಲಿ ಸ್ಟೌಡಿಂಗರ್ ಅನ್ನೋ ಜರ್ಮನ್ ವಿಜ್ಞಾನಿ ಬರೆದಾಗ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ನೊಬೆಲ್ ಕೊಟ್ಟಿದ್ದು 1953ರಲ್ಲಿ.

ಚೆರ್ಲಪಲ್ಲಿ ಬೀದರಿ:
ಕಾರ್ಬನ್ ಬ್ಲ್ಯಾಕ್ ಸರಿಯಾಗಿ ಬೆರೆಯದೆ ಗಂಟು ಕಟ್ಟಿದರೆ ಆ ಜಾಗದಲ್ಲೇ ಪೈಪ್ ಸೀಳುತ್ತದೆ. ಅದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡೋದೇ ನನ್ನ ಅರ್ಧ ಕೆಲಸ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಐಎಸ್‌ಐ ಗುರುತು ಇಲ್ಲದ ಪೈಪ್ ತರುವ ಕಂಟ್ರಾಕ್ಟರ್‌ಗಳಿಗೆ ನಾನು ಕೈ ಮುಗಿಯುತ್ತೇನೆ.

ಯಾದಗಿರಿ ಫೀಲ್ಡ್ ಅಕ್ಕ:
ನಾನು ಡೆವಲಪ್‌ಮೆಂಟ್ ಓದಿ ಯಾದಗಿರಿ ಜಿಲ್ಲೆಯಲ್ಲಿ ಕೆಲಸ ಮಾಡುವವಳು. ಇಷ್ಟೊತ್ತು ಓದುತ್ತಿದ್ದೆ, ಈಗ ಸ್ವಲ್ಪ ಜಗಳ ತೆಗೆಯುತ್ತೇನೆ.

ನೀರಿನ ಘಟಕದ ಮೆಂಬ್ರೇನ್ ಯಾಕೆ ಸಾಯುತ್ತದೆ ಅಂತ ನಾನು ನೋಡಿದ್ದನ್ನು ಹೇಳುತ್ತೇನೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಅದು ಒಳ್ಳೆಯದೇ. ಆದರೆ ಆ ಕ್ಲೋರಿನ್ ನೀರು ಮೆಂಬ್ರೇನ್‌ಗೆ ಹೋಗಬಾರದು. ನಡುವೆ ಒಂದು ಕಾರ್ಬನ್ ಫಿಲ್ಟರ್ ಇರುತ್ತದೆ, ಕ್ಲೋರಿನ್ ತಡೆಯಲು. ಆ ಕಾರ್ಬನ್ ಹಳತಾದಾಗ ಬದಲಿಸಬೇಕು. ಬದಲಿಸುವುದಿಲ್ಲ. ಯಾಕೆ? ಘಟಕ ಕಟ್ಟಲು ದುಡ್ಡು ಬರುತ್ತದೆ, ನಡೆಸಲು ಬರುವುದಿಲ್ಲ. ಕಟ್ಟಿದ ಕಂಪನಿಯ ನಿರ್ವಹಣಾ ಅವಧಿ ಮುಗಿದ ಮೇಲೆ ಅದು ಪಂಚಾಯ್ತಿಯ ತಲೆಗೆ. ಪಂಚಾಯ್ತಿಯಲ್ಲಿ ನೀರುಗಂಟಿ ಒಬ್ಬರೇ, ಅವರಿಗೆ ಊರಿನ ಎಲ್ಲ ವಾಲ್ವ್‌ಗಳ ಕೆಲಸ. ಕ್ಲೋರಿನ್ ಒಳಗೆ ಹೋಗಿ ಮೆಂಬ್ರೇನ್ ತಿಂದುಹಾಕುತ್ತದೆ. ಹೊಸ ಮೆಂಬ್ರೇನ್‌ಗೆ ಟೆಂಡರ್. ಟೆಂಡರ್ ಆಗುವ ತನಕ ಶಟರ್.

ಇದರಲ್ಲಿ ಪಾಲಿಮರ್ ವಿಜ್ಞಾನಿ ಏನು ಮಾಡುತ್ತಾರೆ ಹೇಳಿ? ಇನ್ನೂ ಒಳ್ಳೆಯ ಮೆಂಬ್ರೇನ್ ಕಂಡುಹಿಡಿದರೂ ಅದನ್ನೂ ಹೀಗೇ ಕೊಲ್ಲುತ್ತಾರೆ. ತಂಗಿ, ನೀನು ಪಂಚಾಯ್ತಿ ಲೆಕ್ಕ ಓದುವುದನ್ನು ಕಲಿ. ನಮ್ಮ ಓದಿನಲ್ಲಿ ಅದನ್ನೇ ಕಲಿಸುತ್ತಾರೆ. ದುಡ್ಡು ಎಲ್ಲಿಂದ ಬರುತ್ತದೆ, ಯಾರು ಸಹಿ ಹಾಕುತ್ತಾರೆ, ಯಾರ ಓಣಿಗೆ ನೀರು ಮೊದಲು ಹೋಗುತ್ತದೆ, ತಾಂಡಾದವರನ್ನು ಸರ್ವೆಯಲ್ಲಿ ಕೇಳಿದರಾ ಇಲ್ವಾ. 2018ರಲ್ಲಿ ಯಾದಗಿರಿಯನ್ನು ಮಹತ್ವಾಕಾಂಕ್ಷಿ ಜಿಲ್ಲೆ, ಅಂದರೆ ಬೇಗ ಮೇಲೆತ್ತಬೇಕಾದ ಹಿಂದುಳಿದ ಜಿಲ್ಲೆ ಅಂತ ಕೇಂದ್ರ ಆರಿಸಿತು. ಕರ್ನಾಟಕದಿಂದ ರಾಯಚೂರು ಮತ್ತು ನಾವು, ಎರಡೇ. ಅದರ ಅಂಕಿಅಂಶದ ಹಿಂದೆ ಏನಿದೆ ಅಂತ ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ಬಹಳ ಕಡಿಮೆ ಇದ್ದಾರೆ.

ನಿವೃತ್ತ ಮೇಷ್ಟ್ರು:
ಜಗಳ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಕ್ಕಾ, ಕ್ಲೋರಿನ್ ಮೆಂಬ್ರೇನ್ ತಿನ್ನುತ್ತದೆ ಅಂತ ನಿಮಗೆ ಹೇಳಿದವರು ಯಾರು? ಪಾಲಿಮರ್ ಓದಿದವರೇ ಅಲ್ವಾ?

ಆ ಮೆಂಬ್ರೇನ್ ಒಂದೇ ಪದರ ಅಲ್ಲ. ಕೆಳಗೆ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ರಂಧ್ರಗಳಿರುವ ಪಾಲಿಸಲ್ಫೋನ್, ಎಲ್ಲಕ್ಕಿಂತ ಮೇಲೆ ಬಹಳ ತೆಳುವಾದ ಪಾಲಿಅಮೈಡ್. ಉಪ್ಪನ್ನು ತಡೆಯೋದು ಆ ಮೇಲಿನ ಪದರ, ಅದರ ದಪ್ಪ ಒಂದು ಮೈಕ್ರಾನ್‌ಗಿಂತ ಎಷ್ಟೋ ಕಡಿಮೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಡಟ್ ಅನ್ನುವವರು ಇದನ್ನು ಮಾಡುವ ದಾರಿ ಕಂಡುಹಿಡಿದರು. ಹಳೆಯ ಸೆಲ್ಯುಲೋಸ್ ಅಸಿಟೇಟ್ ಮೆಂಬ್ರೇನ್ ಕ್ಲೋರಿನ್ ಸ್ವಲ್ಪ ತಡೆದುಕೊಳ್ಳುತ್ತಿತ್ತು. ಪಾಲಿಅಮೈಡ್ ನೀರು ಜಾಸ್ತಿ ಬಿಡುತ್ತದೆ, ಉಪ್ಪು ಚೆನ್ನಾಗಿ ತಡೆಯುತ್ತದೆ, ಆದರೆ ಕ್ಲೋರಿನ್‌ಗೆ ಸೋಲುತ್ತದೆ. ಕ್ಲೋರಿನ್ ತಾಳುವ ಪದರ ಮಾಡಬೇಕು ಅಂತ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಇನ್ನೂ ಗುದ್ದಾಡುತ್ತಿವೆ. ನಮ್ಮ ದೇಶದಲ್ಲಿ ಭಾವನಗರದ ಸಿಎಸ್‌ಎಂಸಿಆರ್‌ಐ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಈ ಮೆಂಬ್ರೇನ್‌ಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಅಂಥ ಪದರ ಬಂದರೆ ನಿಮ್ಮ ನೀರುಗಂಟಿ ಕಾರ್ಬನ್ ಬದಲಿಸದಿದ್ದರೂ ಘಟಕ ನಡೆಯುತ್ತದೆ. ಪಂಚಾಯ್ತಿ ಸುಧಾರಿಸುವುದು ಬೇಗವೋ, ಪಾಲಿಮರ್ ಸುಧಾರಿಸುವುದು ಬೇಗವೋ, ನೀವೇ ಹೇಳಿ.

ಯಾದಗಿರಿ ಫೀಲ್ಡ್ ಅಕ್ಕ:
ಹಹ್ಹ, ಸರ್, ಪಂಚಾಯ್ತಿ ಮೇಲೆ ಇಷ್ಟು ಕಡಿಮೆ ನಂಬಿಕೆ ಬೇಡ. ಒಂದು ಮಾತು ಒಪ್ಪುತ್ತೇನೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಾಗ ಅದು ಪತ್ರಿಕೆಗಳಲ್ಲೆಲ್ಲ ಬಂತು. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಅದನ್ನು ಅಳೆಯುವ ಕೆಮಿಸ್ಟ್ರಿ ಇಲ್ಲದೆ ನಮ್ಮ ಸಭೆ, ಸರ್ವೆ ಯಾವುದೂ ಅದನ್ನು ಹಿಡಿಯುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು:
ಅದರಲ್ಲೂ ಒಂದು ತಿರುವಿದೆ. ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ. ಒಂದಕ್ಕೆ ಚಾರ್ಜ್ ಇರುತ್ತದೆ, ಆರ್‌ಒ, ಅಂದರೆ ಈ ಮೆಂಬ್ರೇನ್‌ನಿಂದ ಸೋಸುವ ವಿಧಾನ, ಅದನ್ನು ಚೆನ್ನಾಗಿ ತಡೆಯುತ್ತದೆ. ಇನ್ನೊಂದಕ್ಕೆ ಸಾಮಾನ್ಯ ನೀರಿನಲ್ಲಿ ಚಾರ್ಜ್ ಇಲ್ಲ, ಅದು ನುಸುಳಿಕೊಂಡು ಹೋಗುತ್ತದೆ. ಫ್ಲೋರೈಡ್ ತೆಗೆಯಲು ಹಾಕಿದ ಘಟಕವೇ ಆರ್ಸೆನಿಕ್‌ಗೂ ಸಾಕು ಅಂತ ಅಂದುಕೊಳ್ಳಬಾರದು. ಮಗಳೇ, ನಿನ್ನ ಎಂ.ಎಸ್ಸಿ. ಪ್ರಾಜೆಕ್ಟ್ ವಿಷಯ ಇಲ್ಲೇ ಬಿದ್ದಿದೆ, ಎತ್ತಿಕೋ.

ಶಹಾಪುರದವಳು:
ಸರ್, ಅಕ್ಕಾ, ಇಬ್ಬರದ್ದೂ ಓದಿ ತಲೆ ಗಿರ್ ಅಂತಿದೆ, ಆದರೆ ಖುಷಿ ಆಯಿತು. ಬ್ಲೀಚಿಂಗ್ ಪೌಡರ್ ವಿಷಯ ನಮ್ಮ ನೀರುಗಂಟಿ ಕಾಕಾಗೆ ಹೇಳಿದೆ. ಕಾರ್ಬನ್ ಅಂತ ಒಂದು ಇದೆ ಅಂತ ಅವರಿಗೆ ಯಾರೂ ಹೇಳೇ ಇಲ್ಲವಂತೆ.

ಹೊರದೇಶದ ಬಗ್ಗೆ ಯಾರಾದರೂ ಹೇಳ್ತೀರಾ?

ಆಳಂದದವನು, ಈಗ ಇಂಗ್ಲೆಂಡ್:
ನಾನು ಹೇಳುತ್ತೇನೆ ತಂಗಿ. ಇಲ್ಲಿ ಡೆವಲಪ್‌ಮೆಂಟ್ ಎಂ.ಎ. ಒಂದೇ ವರ್ಷ. ಈ ವಿಷಯಕ್ಕೆ ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಐಡಿಎಸ್, ಹಳೆಯ ಹೆಸರು, 1966ರದ್ದು. ಮ್ಯಾಂಚೆಸ್ಟರ್, ಈಸ್ಟ್ ಆಂಗ್ಲಿಯಾ ಕೂಡ ಇವೆ. ಪಾಠ ಚೆನ್ನಾಗಿರುತ್ತದೆ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಗೆಳೆಯರು ಸಿಗುತ್ತಾರೆ. ಆದರೆ ಸಾಲ ಮಾಡಿ ಬರಬೇಡ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೋ.

ಕೆಲಸದ ಸ್ಥಿತಿ ಕೆಟ್ಟಿದೆ. ಅಮೆರಿಕ 2025ರಲ್ಲಿ ಬೇರೆ ದೇಶಗಳಿಗೆ ನೆರವು ಕೊಡುವ ತನ್ನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಬ್ರಿಟನ್ ತನ್ನ ನೆರವನ್ನು 2027ರ ಹೊತ್ತಿಗೆ ರಾಷ್ಟ್ರೀಯ ಆದಾಯದ ಶೇಕಡಾ 0.5ರಿಂದ 0.3ಕ್ಕೆ ಇಳಿಸುತ್ತೇವೆ ಅಂತ ಹೇಳಿದೆ. ಹತ್ತಾರು ವರ್ಷ ಅನುಭವ ಇದ್ದವರೇ ಕೆಲಸ ಹುಡುಕುತ್ತಿದ್ದಾರೆ. ಅವರ ಜೊತೆ ಹೊಸಬರು ಸಾಲಿನಲ್ಲಿ ನಿಲ್ಲಬೇಕು.

ಸ್ಕಾಲರ್‌ಶಿಪ್ ಇದ್ದರೆ ಬೇರೆ ಮಾತು. ಬ್ರಿಟನ್ ಸರ್ಕಾರದ ಚೆವನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಜರ್ಮನಿಯ ಡಾಡ್ ಸಂಸ್ಥೆಯ ಅಭಿವೃದ್ಧಿ ಕೋರ್ಸ್‌ಗಳಿಗೂ ಸಾಮಾನ್ಯವಾಗಿ ಅಷ್ಟೇ. ಪರಿಶಿಷ್ಟ ಜಾತಿಯವರಾದರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಆದರೆ 2022ರಿಂದ ಭಾರತದ ಸಮಾಜ, ಸಂಸ್ಕೃತಿ, ಇತಿಹಾಸದ ಮೇಲಿನ ವಿಷಯಗಳಿಗೆ ಅದು ಸಿಗುವುದಿಲ್ಲ. ನಮ್ಮೂರಿನ ನೀರಿನ ರಾಜಕೀಯ ಓದುತ್ತೇನೆ ಅಂದರೆ ಕಷ್ಟ, ಮೆಂಬ್ರೇನ್ ಓದುತ್ತೇನೆ ಅಂದರೆ ದಾರಿ ಇದೆ. ವಿಚಿತ್ರ ಅನ್ನಿಸುತ್ತದೆ, ನನಗಂತೂ ಇದು ಸರಿ ಕಾಣಲ್ಲ.

ನನ್ನ ಲೆಕ್ಕ ಇಷ್ಟು. ಡೆವಲಪ್‌ಮೆಂಟ್ ಎಂ.ಎ.ಗೆ ಯಾವ ಡಿಗ್ರಿಯವರು ಬಂದರೂ ಸೇರಿಸಿಕೊಳ್ಳುತ್ತಾರೆ. ನನ್ನ ಕ್ಲಾಸಿನಲ್ಲಿ ನರ್ಸ್ ಇದ್ದರು, ಸಿವಿಲ್ ಇಂಜಿನಿಯರ್ ಇದ್ದರು, ಅವರ ಮಾತಿಗೇ ತೂಕ ಜಾಸ್ತಿ ಇತ್ತು. ನಾನು ಬರೀ ಬಿ.ಎ. ತಂದವನು. ಆದರೆ ಎಂ.ಎ. ಮುಗಿಸಿ ಪಾಲಿಮರ್ ಲ್ಯಾಬಿಗೆ ವಾಪಸ್ ಹೋಗೋಕೆ ಆಗಲ್ಲ. ಒಂದು ಬಾಗಿಲು ತೆರೆದೇ ಇರುತ್ತದೆ, ಇನ್ನೊಂದು ಬೇಗ ಮುಚ್ಚುತ್ತದೆ. ಮುಚ್ಚುವ ಬಾಗಿಲಿಗೆ ಮೊದಲು ಹೋಗು.

ಯಾದಗಿರಿ ಫೀಲ್ಡ್ ಅಕ್ಕ:
ಇದಕ್ಕೆ ನನ್ನ ತಕರಾರಿಲ್ಲ. ಆದರೆ ಡೆವಲಪ್‌ಮೆಂಟ್ ಅಂದರೆ ಇಂಗ್ಲೆಂಡ್ ಅಂತ ಯಾಕೆ? ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿ.ವಿ.ಯಲ್ಲಿ ಎಂ.ಎ. ಡೆವಲಪ್‌ಮೆಂಟ್ ಇದೆ, ಮನೆಯ ಆದಾಯ ನೋಡಿ ಫೀಸು ಬಿಡುತ್ತಾರೆ. ಟಿಸ್, ಅಂದರೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತುಳಜಾಪುರ ಕ್ಯಾಂಪಸ್ ಸೋಲಾಪುರದ ಆಚೆಗೇ ಇದೆ. ಅಂಬಾಭವಾನಿ ದರ್ಶನಕ್ಕೆ ನಮ್ಮ ಜನ ಹೋಗುತ್ತಲೇ ಇರುತ್ತಾರೆ, ಪಕ್ಕದಲ್ಲೇ ಗ್ರಾಮೀಣ ಅಭಿವೃದ್ಧಿ ಕಲಿಸುವ ಕ್ಯಾಂಪಸ್ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಹೈದರಾಬಾದಿನ ರಾಜೇಂದ್ರನಗರದಲ್ಲಿ ರಾಷ್ಟ್ರೀಯ ಗ್ರಾಮೀಣ ಅಭಿವೃದ್ಧಿ ಸಂಸ್ಥೆ, ಎನ್‌ಐಆರ್‌ಡಿ ಇದೆ.

ಕೆಲಸದ ಬಗ್ಗೆ ಒಂದು ಸತ್ಯ. 2020ರಲ್ಲಿ ವಿದೇಶಿ ದೇಣಿಗೆ ಕಾನೂನು ಬಿಗಿ ಆದಮೇಲೆ ದೊಡ್ಡ ಸಂಸ್ಥೆ ತಾನು ತಂದ ದುಡ್ಡನ್ನು ಸಣ್ಣ ಸಂಸ್ಥೆಗೆ ಹಂಚುವ ಹಾಗಿಲ್ಲ. ಹಳ್ಳಿ ಮಟ್ಟದ ಎಷ್ಟೋ ಸಂಸ್ಥೆಗಳಿಗೆ ಉಸಿರು ಕಟ್ಟಿತು. ಈಗ ಜಾಸ್ತಿ ನಡೆಯುತ್ತಿರುವುದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡಿನಿಂದ. ಕಂಪನಿಯವರಿಗೆ ಫೋಟೋ ಬರುವ ಕೆಲಸ ಬೇಕು, ಕಾರ್ಬನ್ ಬದಲಿಸುವ ಕೆಲಸದ ಫೋಟೋ ಯಾರು ಹಾಕುತ್ತಾರೆ?

ಒಬ್ಬ ಅಪ್ಪ:
ಎಲ್ಲ ಓದಿದೆ. ಆ ಹುಡುಗಿಯ ಅಪ್ಪನ ಕಡೆಯಿಂದ ನಾನೊಂದು ಮಾತು ಆಡಲೇ? ಬಿ.ಎಡ್. ಮಾಡು ಅನ್ನುವ ಅಪ್ಪ ದಡ್ಡ ಅಲ್ಲ. ಮೇಷ್ಟ್ರು ಕೆಲಸದ ನೇಮಕಾತಿ ಆದಾಗ 371ಜೆ ಮೀಸಲಾತಿ ನಮಗಿದೆ. ಊರ ಹತ್ತಿರ ಕೆಲಸ, ತಿಂಗಳ ಸಂಬಳ, ಸಾಲ ಇಲ್ಲ. ನೀವೆಲ್ಲ ಹೇಳುವ ದಾರಿಯಲ್ಲಿ ಮೊದಲ ಸಂಬಳ ಯಾವಾಗ, ಎಷ್ಟು ಅಂತ ಯಾರೂ ಹೇಳುತ್ತಿಲ್ಲ.

ಚೆರ್ಲಪಲ್ಲಿ ಬೀದರಿ:
ಕಾಕಾ, ಸರಿಯಾದ ಪ್ರಶ್ನೆ. ಅದಕ್ಕೇ ನಾನು ಸಿಪೆಟ್ ಹೆಸರು ಹೇಳಿದ್ದು. ಬೇಗ ದುಡಿಯಬೇಕು ಅಂದರೆ ಆ ಎರಡು ವರ್ಷದ ಡಿಪ್ಲೊಮಾ. ಕಾಯಲು ಆಗುತ್ತದೆ ಅಂದರೆ ಎಂ.ಎಸ್ಸಿ. ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದರೆ ಬಿ.ಎಡ್. ದಾರಿಯೂ ಮುಚ್ಚೋದಿಲ್ಲ, ಅಪ್ಪನಿಗೂ ಸಮಾಧಾನ. ಮಧ್ಯೆ ಏನೂ ಇಲ್ಲದಿದ್ದರೆ ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರಿನಲ್ಲಿ ಔಷಧ, ಕೆಮಿಕಲ್ ಫ್ಯಾಕ್ಟರಿಗಳಿವೆ, ಲ್ಯಾಬಿಗೆ ಕೆಮಿಸ್ಟ್ರಿಯವರು ಬೇಕು. ಅಲ್ಲಿಯ ವಾಸನೆ ಬಗ್ಗೆ ಸುತ್ತಲಿನ ಊರಿನವರು ಹೇಳುವುದನ್ನೂ ಕೇಳಿಕೊಂಡು ಹೋಗಿ.

ಶಹಾಪುರದವಳು:
ಕಾಕಾ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ನೀವು ಯಾರು ಅಂತ ಕೇಳಿದರು.

ಈಗ ಹೀಗೆ ಮಾಡುತ್ತೇನೆ. ಸಿಯುಇಟಿ-ಪಿಜಿಗೆ ಕೆಮಿಸ್ಟ್ರಿ ತುಂಬುತ್ತೇನೆ, ಗುಲಬರ್ಗಾ ವಿ.ವಿ.ಗೂ ಅರ್ಜಿ ಹಾಕುತ್ತೇನೆ, ಸಿಪೆಟ್ ಪರೀಕ್ಷೆಯನ್ನೂ ಬರೆಯುತ್ತೇನೆ. ಇಂಗ್ಲೆಂಡ್ ಸದ್ಯಕ್ಕಿಲ್ಲ. ಫೀಲ್ಡ್ ಅಕ್ಕಾ, ರಜೆಯಲ್ಲಿ ನಿಮ್ಮ ಜೊತೆ ನೀರಿನ ಘಟಕಗಳನ್ನು ನೋಡಲು ಬರಬಹುದಾ?

ಯಾದಗಿರಿ ಫೀಲ್ಡ್ ಅಕ್ಕ:
ಬಾ. ಬರುವಾಗ ಕ್ಲೋರಿನ್ ನೋಡುವ ಕಿಟ್ ನಿಮ್ಮ ಕಾಲೇಜಿನಲ್ಲಿ ಸಿಕ್ಕರೆ ತಾ, ನಮ್ಮದು ಮುಗಿದಿದೆ.

ನಿವೃತ್ತ ಮೇಷ್ಟ್ರು:
371ಜೆ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸು. ಅಸಿಸ್ಟೆಂಟ್ ಕಮಿಷನರ್ ಕಚೇರಿಯಿಂದ ಬರಬೇಕು. ಕೌನ್ಸೆಲಿಂಗ್ ಹಿಂದಿನ ದಿನ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ.

ತೊಗರಿ ಕಣಜ:
ಬೀದರಿ ತಮ್ಮಾ, ನಿಮ್ಮ ಫ್ಯಾಕ್ಟರಿ ನೋಡೋಕೆ ಬಿಡ್ತಾರಾ? ನಮ್ಮ ಓಣಿಯ ಎಸ್ಸೆಸ್ಸೆಲ್ಸಿ ಹುಡುಗರು ಇಬ್ಬರು ಡಿಪ್ಲೊಮಾ ಕೇಳುತ್ತಿದ್ದಾರೆ. ನಾನೂ ಬರ್ತೀನಿ, ಚೀಲ ಹೇಗೆ ಮಾಡ್ತಾರೆ ನೋಡಬೇಕು.

ಚೆರ್ಲಪಲ್ಲಿ ಬೀದರಿ:
ನಮ್ಮದು ಪೈಪ್ ಅಣ್ಣಾ, ಚೀಲ ಅಲ್ಲ. ಬನ್ನಿ, ಮೊದಲೇ ಹೇಳಿದರೆ ಪರ್ಮಿಷನ್ ತೆಗೆದಿಡುತ್ತೇನೆ. ಹುಡುಗರಿಗೆ ಶೂ ಹಾಕಿಸಿಕೊಂಡು ಬನ್ನಿ, ಚಪ್ಪಲಿಯಲ್ಲಿ ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ.